ಕುದುರೆ ಲದ್ದಿಯಲ್ಲಿ ಹುಟ್ಟಿದ ಬಿಳುಪು

ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ವರ್ಮೀರ್ ಬರೆದ ಒಂದು ಚಿತ್ರವಿದೆ. 1660ರ ಆಸುಪಾಸಿನದು. ಹಾಲು ಸುರಿಯುತ್ತಿರುವ ಕೆಲಸದವಳ ಬೆನ್ನ ಹಿಂದೆ ಬಿಸಿಲು ಬಿದ್ದ ಗೋಡೆ. ಆ ಗೋಡೆ ಅಷ್ಟು ಬೆಳಗುವುದು ಸೀಸದ ಬಿಳುಪಿನಿಂದ. ಅದನ್ನೇ ಅಗಸೆ ಎಣ್ಣೆಯಲ್ಲಿ ಅರೆದು ಮನೆಯ ಬಾಗಿಲು, ಕಿಟಕಿಗಳಿಗೂ ಬಳಿಯುತ್ತಿದ್ದರು.

ಅದನ್ನು ತಯಾರಿಸುವ ಬಗೆಗೆ ‘ಡಚ್ ವಿಧಾನ’ ಎಂದೇ ಹೆಸರು. ಮಣ್ಣಿನ ಕುಡಿಕೆಯ ತಳದಲ್ಲಿ ವಿನೆಗರ್, ಅದಕ್ಕೆ ತಾಗದಂತೆ ಮೇಲೆ ಸುರುಳಿ ಸುತ್ತಿದ ಸೀಸದ ತಗಡು. ಇಂಥ ಕುಡಿಕೆಗಳನ್ನು ಸಾಲುಸಾಲಾಗಿ ಜೋಡಿಸಿ, ಸುತ್ತ ಕುದುರೆ ಲದ್ದಿ ತುಂಬಿ ಕೋಣೆ ಮುಚ್ಚುತ್ತಿದ್ದರು. ಲದ್ದಿ ಕೊಳೆತಂತೆ ಕಾವೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಾವಿಗೆ ಎದ್ದ ವಿನೆಗರ್ ಆವಿ ಸೀಸವನ್ನು ತಿನ್ನುತ್ತದೆ. ಲದ್ದಿಯಿಂದ ಬಂದ ಅನಿಲ ಅದನ್ನು ಬಿಳಿ ಕಾರ್ಬೊನೇಟ್ ಆಗಿಸುತ್ತದೆ. ಸುಮಾರು ಮೂರು ತಿಂಗಳ ನಂತರ ಬಾಗಿಲು ತೆರೆದರೆ ಕಪ್ಪು ತಗಡಿನ ಮೇಲೆ ಬಿಳಿ ಹಕ್ಕಳೆ!

ಆ ಹಕ್ಕಳೆ ಕೆರೆದು ಪುಡಿ ಮಾಡಿದವರ ಶ್ವಾಸಕೋಶಕ್ಕೆ ಧೂಳು ಇಳಿಯಿತು. ಹೊಟ್ಟೆ ನುಲಿಯುವ ಶೂಲೆ ಬಂತು, ಮಣಿಕಟ್ಟು ಸೋತು ಕೈ ಜೋತುಬಿತ್ತು.

ಮನೆಯೊಳಗಿನ ಅಪಾಯ ಮಾತ್ರ ಸದ್ದಿಲ್ಲದ್ದು. ಕಿಟಕಿ ತೆರೆದು ಮುಚ್ಚುವಾಗ ಹಳೆಯ ಬಣ್ಣ ಉಜ್ಜಿ ಧೂಳಾಗುತ್ತದೆ. ಅದು ನೆಲಕ್ಕೆ, ನೆಲದಿಂದ ಅಂಬೆಗಾಲಿಡುವ ಕೂಸಿನ ಕೈಗೆ, ಕೈಯಿಂದ ಬಾಯಿಗೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ರಕ್ತದ ಹಿಮೊಗ್ಲೋಬಿನ್ ತಯಾರಿಗೆ ಬೇಕಾದ ಕಿಣ್ವವನ್ನು ಸೀಸ ತಡೆಯುತ್ತದೆ. ಬೆಳೆಯುವ ಮಿದುಳಿಗೆ ಮಾಡಿದ ಹಾನಿ ಮರಳಿ ಸರಿಹೋಗುವುದಿಲ್ಲ.

1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಟ್ಟಡಗಳ ಒಳಭಾಗಕ್ಕೆ ಈ ಬಣ್ಣ ಬಳಿಯುವುದನ್ನು, ಕೆಲವು ವಿನಾಯಿತಿಗಳೊಡನೆ, ನಿಷೇಧಿಸುವ ಒಪ್ಪಂದ ಮಾಡಿತು. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ನಡುವೆ ಸುಮಾರು ನೂರು ವರ್ಷ!

ಹೊಸ ಡಬ್ಬಕ್ಕೆ ನಿಯಮ ಬಂದಿದೆ, ಹಳೆಯ ಬಾಗಿಲಿಗೆ ಬಂದಿಲ್ಲ. ಅಜ್ಜನ ಕಾಲದ ಮನೆಗೆ ಮತ್ತೆ ಬಣ್ಣ ಹೊಡೆಸುವಾಗ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಮರಳುಕಾಗದದಿಂದ ಉಜ್ಜಿಸಬೇಡಿ. ನೀರು ಚಿಮುಕಿಸಿ ಕೆರೆಸಿ, ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಕೆಲಸ ಮುಗಿಯುವ ತನಕ ಮಕ್ಕಳು, ಬಸುರಿಯರು ಬೇರೆಡೆ ಇರಲಿ.