ರಕ್ತದ ಜೊತೆ ಗಡಿಯಾರವನ್ನೂ ನೋಡಿದವರು

ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆಗೆ ಹೋದ ರೋಗಿ ಮೊದಲ ದಿನ ಎಷ್ಟೋ ಸಲ ಚೆನ್ನಾಗಿಯೇ ಮಾತಾಡುತ್ತಾನೆ. ಬಾಯಿ, ಗಂಟಲು ಉರಿ ಎನ್ನುತ್ತಾನೆ, ಅಷ್ಟೆ. ಮೂತ್ರಪಿಂಡ ಸೋಲುವುದು ಒಂದೆರಡು ದಿನದ ಮೇಲೆ. ಶ್ವಾಸಕೋಶ ಗಡುಸಾಗಿ ಉಸಿರು ಕಟ್ಟುವುದು ಇನ್ನೂ ತಡ, ಕೆಲವರಲ್ಲಿ ಎರಡು ಮೂರು ವಾರಕ್ಕೆ. ಅಷ್ಟರಲ್ಲಿ ಮನೆಯವರು ಗಂಡಾಂತರ ಕಳೆಯಿತೆಂದು ದೇವರಿಗೆ ಕಾಯಿ ಒಡೆಸಿಯೂ ಆಗಿರುತ್ತದೆ.

ಬ್ರಿಟನ್ನಿನ ಐಸಿಐ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1962ರಲ್ಲಿ. 1966ಕ್ಕೆಲ್ಲ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸಾವಿನ ವರದಿ ಅಚ್ಚಾಯಿತು. ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ? ಎಷ್ಟು ಕುಡಿದೆ ಎಂದು ಕೇಳಿ ಪ್ರಯೋಜನವಿಲ್ಲ. ಕೆಲವರು ಮುಚ್ಚಿಡುತ್ತಾರೆ, ಕೆಲವರಿಗೆ ಗೊತ್ತೇ ಇರುವುದಿಲ್ಲ, ಒಂದಷ್ಟು ವಾಂತಿಯಲ್ಲಿ ಹೋಗಿರುತ್ತದೆ.

ಎಪ್ಪತ್ತರ ದಶಕದಲ್ಲಿ ರಕ್ತದೊಳಗಿನ ಅತ್ಯಲ್ಪ ವಿಷವನ್ನೂ ಅಳೆಯುವ ವಿಧಾನಗಳು ಬಂದವು. ಆದರೂ ಲೆಕ್ಕ ಕೂಡಿಬರಲಿಲ್ಲ. ವಿಷ ರಕ್ತದಲ್ಲಿ ನಿಲ್ಲುವುದಿಲ್ಲ; ಕೆಲವೇ ಗಂಟೆಗಳಲ್ಲಿ ಅಂಗಾಂಗಗಳಿಗೆ ಇಳಿಯುತ್ತದೆ. ಶ್ವಾಸಕೋಶವಂತೂ ಅದನ್ನು ತಾನಾಗಿ ಎಳೆದು ಕೂಡಿಟ್ಟುಕೊಳ್ಳುತ್ತದೆ. ತಡವಾಗಿ ಬಂದವನ ರಕ್ತದಲ್ಲಿ ವಿಷ ಕಡಿಮೆ ಕಂಡರೆ ಅದು ಶುಭಸೂಚನೆಯಲ್ಲ.

ಎಡಿನ್‌ಬರೋದ ಅಲೆಕ್ಸ್ ಪ್ರೌಡ್‌ಫುಟ್ ಮತ್ತು ಸಂಗಡಿಗರು ಮಾಡಿದ್ದು ಸರಳ ಕೆಲಸ. 79 ರೋಗಿಗಳ ರಕ್ತದ ಅಳತೆಯನ್ನು, ವಿಷ ಸೇವಿಸಿ ಎಷ್ಟು ಗಂಟೆಯಾಗಿತ್ತು ಎಂಬುದರ ಎದುರು ಗುರುತು ಹಾಕಿದರು. ಸತ್ತವರು, ಬದುಕಿದವರ ನಡುವೆ ಇಳಿಜಾರಿನ ಗೆರೆಯೊಂದು ಕಂಡಿತು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ 4ನೇ ಗಂಟೆಗೆ 2.0, 6ಕ್ಕೆ 0.6, 10ಕ್ಕೆ 0.3, 16ಕ್ಕೆ 0.16, 24ಕ್ಕೆ 0.1. ಗೆರೆಯ ಕೆಳಗಿದ್ದರೆ ಬದುಕುವ ಸಂಭವ ಹೆಚ್ಚು. ಅಂದರೆ 0.5 ಎಂಬ ಒಂದೇ ಅಂಕಿ ನಾಲ್ಕನೇ ಗಂಟೆಗೆ ಭರವಸೆ, ಹದಿನಾರನೆಯದಕ್ಕೆ ಅಪಾಯ. ಇದು 1979ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಪಕ್ಕದಲ್ಲೊಂದು ವೇಳೆಯ ಕಾಲಂ. ವೈದ್ಯಶಾಸ್ತ್ರದಲ್ಲಿ ಇಷ್ಟು ಕಡಿಮೆ ಖರ್ಚಿನ ಜಾಣತನ ಅಪರೂಪ.

1984ರಲ್ಲಿ ಹಾರ್ಟ್ ಎಂಬ ಸಂಶೋಧಕರ ತಂಡ ಒಂದು ಗೆರೆಯ ಬದಲು ಬದುಕುವ ಸಂಭವದ ಹಲವು ಗೆರೆಗಳನ್ನು ಎಳೆಯಿತು. 1988ರಲ್ಲಿ ಜಪಾನಿನ ಸವಾದ ಮತ್ತು ಸಂಗಡಿಗರು ವೇಳೆ, ಪ್ರಮಾಣ ಎರಡನ್ನೂ ಗುಣಿಸಿ ಒಂದೇ ಸೂಚ್ಯಂಕ ಮಾಡಿದರು.

ರಕ್ತ ಪರೀಕ್ಷೆಯ ಅನುಕೂಲವಿಲ್ಲದ ಆಸ್ಪತ್ರೆಗೆ ಇನ್ನೊಂದು ದಾರಿಯಿದೆ. ಮೂತ್ರಕ್ಕೆ ಕ್ಷಾರ ಮತ್ತು ಸೋಡಿಯಂ ಡೈಥಿಯೊನೈಟ್ ಬೆರೆಸಿದರೆ, ಪ್ಯಾರಾಕ್ವಾಟ್ ಇದ್ದಲ್ಲಿ ನೀಲಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ಕೇಡು. ಎಲೆಕ್ಟ್ರಾನ್ ಪಡೆದೊಡನೆ ಈ ರಾಸಾಯನಿಕ ನೀಲಿಯಾಗುತ್ತದೆಂದು ಅದು ಕಳೆನಾಶಕವಾಗುವ ಎಷ್ಟೋ ಮೊದಲೇ, 1933ರಲ್ಲಿ, ವಿಜ್ಞಾನಿ ಮೈಕೇಲಿಸ್ ಬರೆದಿದ್ದರು. ಜೀವಕೋಶದೊಳಗೂ ಅದು ಹಾಗೆಯೇ ಎಲೆಕ್ಟ್ರಾನ್ ಕಸಿದು ಆಮ್ಲಜನಕಕ್ಕೆ ದಾಟಿಸಿ ಅದನ್ನು ಹಾನಿಕರವಾಗಿಸುತ್ತದೆ, ಮತ್ತೆ ಕಸಿಯುತ್ತದೆ. ಕೊಲ್ಲುವ ಗುಣವೇ ಪತ್ತೆಗೂ ಸಿಕ್ಕುತ್ತದೆ. ಇಂಥ ರೋಗಿಗೆ ತೀರಾ ಅಗತ್ಯ ಬೀಳುವ ತನಕ ಆಕ್ಸಿಜನ್ ಕೊಡಲು ವೈದ್ಯರು ಹಿಂಜರಿಯುವುದೂ ಇದಕ್ಕೇ.

2009ರಲ್ಲಿ ಶ್ರೀಲಂಕಾದ ರೋಗಿಗಳ ಮೇಲೆ, ರಕ್ತದ ಅಳತೆಯಿಂದ ಅಳಿವು ಉಳಿವು ಊಹಿಸುವ ಇಂಥ ಐದು ವಿಧಾನಗಳನ್ನು ಹೋಲಿಸಿ ನೋಡಿದರು. ಐದೂ ಹೆಚ್ಚುಕಡಿಮೆ ಸಮ. ಸಾವನ್ನು ಊಹಿಸಿದಷ್ಟು ಚೆನ್ನಾಗಿ ಬದುಕನ್ನು ಊಹಿಸಲಾರವು. ಸಾಬೀತಾದ ಪ್ರತಿವಿಷ ಇಂದಿಗೂ ಇಲ್ಲ. ಕೇರಳ 2011ರಲ್ಲೇ ಪ್ಯಾರಾಕ್ವಾಟನ್ನು ನಿಷೇಧಿಸಿತು.

ಯಾರಾದರೂ ಕಳೆನಾಶಕ ನುಂಗಿದ್ದು ತಿಳಿದರೆ, ಚೆನ್ನಾಗಿದ್ದಾನಲ್ಲ ಎಂದು ಕಾಯಬೇಡಿ. ಬಾಟಲಿ ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ, ಎಷ್ಟು ಹೊತ್ತಿಗೆ ನುಂಗಿದ್ದು ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಿ.