ಕಾರವಾರದ ಕಡಲಿಗೆ ಯಾವ ಋತುವಿನಲ್ಲಿ ಹೋಗಬೇಕು?

ಬಯಲುಸೀಮೆಯ ನಮ್ಮ ಮನೆಗಳಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಕಡಲನ್ನು ಕಾಣಬೇಕೆಂಬ ಹಂಬಲವುಳ್ಳ ಹಿರಿಯರು ಅನೇಕರಿದ್ದಾರೆ. ಹೊಲ, ಮನೆ, ಮಕ್ಕಳ ಮದುವೆ, ಮೊಮ್ಮಕ್ಕಳ ಬಾಣಂತನವೆಂದು ಆಯುಷ್ಯವನ್ನೆಲ್ಲ ಸವೆಸಿದ ಅವರು ಬಾಯಿಬಿಟ್ಟು ಕೇಳುವವರಲ್ಲ. ಕೇಳಿದಾಗ ನಾವು “ಮಕ್ಕಳಿಗೆ ಸೂಟಿ ಬಿಡಲಿ, ಹೋಗೋಣ” ಎಂದು ಮುಂದೂಡುತ್ತೇವೆ. ಕೊನೆಗೆ ಸೂಟಿ ಬರುತ್ತದೆ, ಅದರೊಡನೆ ಸುಡುಬೇಸಗೆಯೂ ಬರುತ್ತದೆ. ಊರನ್ನು ಆರಿಸಿಕೊಳ್ಳುವಾಗ ಹತ್ತು ಜನರನ್ನು ಕೇಳುವ ನಾವು ಕಾಲವನ್ನು ಆರಿಸಿಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ. ಈ ಲೇಖನ ಅಂಥದೊಂದು ತಪ್ಪಿನಿಂದ ನಾವು ಕಲಿತ ಪಾಠ.

ಹುಬ್ಬಳ್ಳಿಯಿಂದ ಕಾರವಾರಕ್ಕೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಗಳ ಮೇಲಿಂದ ಸುಮಾರು 165 ಕಿಲೋಮೀಟರು. ಬೆಳಗಾವಿಯವರು ಖಾನಾಪುರ, ರಾಮನಗರ, ಜೋಯಿಡಾಗಳ ಮೇಲೆ ಅಣಶಿ ಘಟ್ಟವಿಳಿದು ಬರುತ್ತಾರೆ. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ತರುವಾಯ ರೈಲಿನ ಅನುಕೂಲವೂ ಆಯಿತು. ಇಂದು ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಕಾರವಾರವನ್ನು ಸೇರಬಹುದು. ಹೀಗಾಗಿ ಉತ್ತರ ಕರ್ನಾಟಕದ ಕುಟುಂಬಗಳಿಗೆ ಕಡಲೆಂದರೆ ಮೊದಲು ನೆನಪಾಗುವ ಊರು ಕಾರವಾರ.

ಬೇಸಗೆಯ ಸೂಟಿಯಲ್ಲಿ ನಾವು ಕಂಡದ್ದು

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಎರಡನೆಯ ವಾರದಲ್ಲಿ ನಾವು ಮನೆಮಂದಿಯೆಲ್ಲ ಕಾರವಾರಕ್ಕೆ ಹೊರಟೆವು. ನಮ್ಮ ತಾಯಿಯವರಿಗೆ ಆಗ ಎಪ್ಪತ್ತೆರಡು ವರ್ಷ. ರಕ್ತದೊತ್ತಡಕ್ಕೆ ದಿನವೂ ಗುಳಿಗೆ ತೆಗೆದುಕೊಳ್ಳುತ್ತಿದ್ದರು. “ನಮ್ಮೂರಿನ ನಲವತ್ತು ಡಿಗ್ರಿ ಬಿಸಿಲನ್ನು ಕಂಡವರಿಗೆ ಅಲ್ಲಿಯ ಮೂವತ್ತನಾಲ್ಕು ಯಾವ ಲೆಕ್ಕ?” ಎಂಬುದು ನಮ್ಮ ವಾದ. ಆ ವಾದದಲ್ಲಿಯೇ ನಮ್ಮ ಅಜ್ಞಾನವಿತ್ತು.

ಬಯಲುಸೀಮೆಯ ಬಿಸಿಲು ಒಣಬಿಸಿಲು. ಮೈಯ ಬೆವರು ಕೂಡಲೇ ಆರುತ್ತದೆ, ಆರುವಾಗ ಮೈಯ ಕಾವನ್ನೂ ತೆಗೆದುಕೊಂಡು ಹೋಗುತ್ತದೆ. ಕಡಲತೀರದಲ್ಲಿ ಮೇ ತಿಂಗಳ ಗಾಳಿಯೇ ನೀರಿನ ಪಸೆಯಿಂದ ತುಂಬಿರುತ್ತದೆ. ಸುರಿದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನೀರು ಮತ್ತು ಉಪ್ಪು ಮಾತ್ರ ದೇಹದಿಂದ ಹರಿದುಹೋಗುತ್ತವೆ. ರಾತ್ರಿಯೂ ಇಪ್ಪತ್ತಾರು ಡಿಗ್ರಿಗಿಂತ ಕೆಳಗಿಳಿಯುವುದು ಕಷ್ಟವಾದ್ದರಿಂದ ದಣಿದ ದೇಹಕ್ಕೆ ವಿಶ್ರಾಂತಿ ದೊರೆಯದು. ಉಷ್ಣಮಾಪಕದ ಅಂಕಿಯನ್ನಷ್ಟೇ ನೋಡಿ ಊರೂರನ್ನು ಹೋಲಿಸುವುದು ಸಲ್ಲದೆಂಬುದನ್ನು ನಾವು ಅಲ್ಲಿ ಮನಗಂಡೆವು.

ಮೊದಲ ದಿನ ಮಧ್ಯಾಹ್ನವೇ ತಾಯಿಯವರಿಗೆ ಕಣ್ಣು ಕತ್ತಲೆಗಟ್ಟಿ ಬಂತು. ವೈದ್ಯರು ಬಂದು ನೋಡಿ, ಉಪ್ಪು-ಸಕ್ಕರೆಯ ನೀರು ಕುಡಿಸಿ, ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಬಾರದೆಂದರು. ಮಕ್ಕಳು ಸಂಜೆ ಅಲೆಗಳೊಡನೆ ಆಡಿ ಬಂದರು, ಹಿರಿಯರು ಹಾಸಿಗೆಯಲ್ಲಿಯೇ ಉಳಿದರು. ಊರಿಗೆ ಮರಳುವ ದಿನ ಬಸ್ಸಿನ ಕಿಟಕಿಯಿಂದ ಕಂಡ ನೀಲಿಯ ಗೆರೆಯಷ್ಟೇ ಅವರ ಪಾಲಿನ ಕಡಲು. “ಸಮುದ್ರ ನೋಡಾಕಂತ ಬಂದು ಫ್ಯಾನು ತಿರುಗೂದು ನೋಡಿಕೋತ ಮಲಗಿದ್ಹಂಗಾತು ನೋಡಪಾ” ಎಂದು ಅವರು ನಕ್ಕರು. ಆ ನಗೆ ನಮ್ಮನ್ನು ಬಹಳ ದಿನ ಕಾಡಿತು.

ಬೇಸಗೆಗೆ ಗುಣವೇ ಇಲ್ಲವೆಂದು ಹೇಳುವುದು ನ್ಯಾಯವಾಗದು. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಂಕೋಲೆಯ ಕರಿ ಇಷಾಡು ಮಾವು ಕೈಗೆ ಬರುವುದು ಈ ಕಾಲದಲ್ಲಿಯೇ. ಮುರುಗಲ ಹಣ್ಣಿನ ಪಾನಕವೂ ಮನೆಮನೆಯಲ್ಲಿ ಸಿದ್ಧವಾಗುತ್ತದೆ. ಸಂಜೆ ಏಳರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಮಕ್ಕಳಿಗೆ ಆಡಲು ಹೆಚ್ಚು ಹೊತ್ತು ಸಿಕ್ಕುತ್ತದೆ. ಆರೋಗ್ಯವಂತರಾದ ತರುಣರು ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ಐದರ ಬಳಿಕ ತಿರುಗಾಡಿದರೆ ತೊಂದರೆಯಿಲ್ಲ. ವೃದ್ಧರು, ಹಸುಗೂಸುಗಳು, ಗರ್ಭಿಣಿಯರು, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಯವರು ಇರುವ ಕುಟುಂಬಕ್ಕೆ ಮಾತ್ರ ಇದು ತಕ್ಕ ಕಾಲವಲ್ಲ.

ಮಳೆಗಾಲದ ಮುಖ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುತ್ತದೆ. ಧಾರವಾಡದಲ್ಲಿ ಬೀಳುವುದು ಸುಮಾರು 800 ಮಿಲಿಮೀಟರು. ನೈಋತ್ಯದಿಂದ ಬೀಸಿ ಬರುವ ಮೋಡಗಳಿಗೆ ಇಲ್ಲಿ ಕಡಲ ಅಂಚಿನಲ್ಲಿಯೇ ಎದ್ದು ನಿಂತ ಗುಡ್ಡಗಳು ಅಡ್ಡವಾಗುತ್ತವೆ. ಮೇಲೇರಿ ತಣಿದ ಮೋಡಗಳು ಅಲ್ಲಿಯೇ ಸುರಿದುಬಿಡುತ್ತವೆ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಂತೂ ದಿನಗಟ್ಟಲೆ ಸೂರ್ಯನ ಮುಖ ಕಾಣದು.

ಈ ಕಾಲದಲ್ಲಿ ಕಡಲು ಉಗ್ರವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರಚಾಲಿತ ದೋಣಿಗಳ ಮೀನುಗಾರಿಕೆಗೆ ಸರಕಾರದ ನಿಷೇಧವಿರುತ್ತದೆ. ಮೀನಿನ ಸಂತತಿಯ ರಕ್ಷಣೆ ಅದರ ಮುಖ್ಯ ಉದ್ದೇಶವಾದರೂ, ಹುಟ್ಟಿನಿಂದ ಕಡಲನ್ನು ಬಲ್ಲವರೇ ದೋಣಿಯನ್ನು ದಡಕ್ಕೆಳೆದು ಕುಳಿತಿರುವಾಗ ಈಜಲು ಬಾರದ ನಾವು ನೀರಿಗಿಳಿಯುವುದು ವಿವೇಕವಲ್ಲ.

ದಾರಿಯ ಅಪಾಯವೂ ಅಷ್ಟೇ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿಯ ಮಾರ್ಗ ಮುಚ್ಚಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿಬಿದ್ದು, ರಸ್ತೆಬದಿಯ ಚಹಾ ಅಂಗಡಿಯ ಕುಟುಂಬವೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹಸಿರನ್ನೂ ಜಲಪಾತಗಳನ್ನೂ ನೋಡಲು ಬಯಸುವವರಿಗೆ ಮಳೆಗಾಲದ ಘಟ್ಟ ಸುಂದರವೇ ಸರಿ. ಆದರೆ ಮುದುಕರು, ಮಕ್ಕಳನ್ನು ಕಟ್ಟಿಕೊಂಡು ಸುರಿವ ಮಳೆಯಲ್ಲಿ ಘಟ್ಟವಿಳಿಯುವ ಸಾಹಸ ಬೇಡವೆಂಬುದು ನಮ್ಮ ಅಭಿಪ್ರಾಯ.

ದಸರೆಯಿಂದ ದೀಪಾವಳಿಯವರೆಗೆ

ಅಕ್ಟೋಬರ್ ಸಂಧಿಕಾಲ. ಮಳೆ ಹಿಂದೆಗೆಯುತ್ತದೆ, ಗದ್ದೆಗಳು ಹಸಿರಾಗಿರುತ್ತವೆ, ಕಾಳಿ ನದಿ ತುಂಬಿ ಹರಿಯುತ್ತದೆ. ಮಕ್ಕಳಿಗೆ ದಸರೆಯ ರಜೆಯೂ ಇರುತ್ತದೆ. ಆದರೆ ನಡುವೆ ಬಿಸಿಲಿನ ಝಳ ಒಮ್ಮೆ ಮರಳಿ ಬರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆಯೂ ಬೀಳಬಹುದು. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳು ದಸರೆಯ ರಜೆಯ ಕೊನೆಯ ದಿನಗಳನ್ನು ಆರಿಸಿಕೊಳ್ಳುವುದು ಲೇಸು. ಮೇ ತಿಂಗಳಿಗೆ ಹೋಲಿಸಿದರೆ ಇದು ಎಷ್ಟೋ ಹಿತಕರ.

ಹಿತವಾದ ಕಾಲ

ದೀಪಾವಳಿ ಮುಗಿದು ಫೆಬ್ರವರಿ ನಡುವಿನವರೆಗಿನ ಅವಧಿಯೇ ಕಾರವಾರಕ್ಕೆ ಹೋಗಲು ಶ್ರೇಷ್ಠವಾದುದು. ಬಿಸಿಲು ಆಗಲೂ ಇರುತ್ತದೆ. ಹಗಲಿನಲ್ಲಿ ಮೂವತ್ತೊಂದು, ಮೂವತ್ತೆರಡು ಡಿಗ್ರಿ. ಆದರೆ ಗಾಳಿಯಲ್ಲಿ ಪಸೆ ಕಡಿಮೆ, ಆಕಾಶ ನಿರ್ಮಲ, ರಾತ್ರಿ ಇಪ್ಪತ್ತೊಂದರ ಆಸುಪಾಸಿಗೆ ಇಳಿಯುತ್ತದೆ. ಬೆಳಗಿನ ಹೊತ್ತು ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದಂತೆ ಅದರ ಮೇಲಿನ ಗಾಳಿ ಮೇಲಕ್ಕೇರಿ, ಆ ತೆರವನ್ನು ತುಂಬಲು ಕಡಲ ಮೇಲಿನ ತಂಪುಗಾಳಿ ದಡಕ್ಕೆ ಬರುತ್ತದೆ. ನೀರು ನೆಲದಷ್ಟು ಬೇಗ ತಣಿಯದಾದ್ದರಿಂದ ಜನವರಿಯಲ್ಲಿಯೂ ಕಡಲನೀರು ಕೊರೆಯುವುದಿಲ್ಲ; ಮಂಡಿನೋವಿನ ಹಿರಿಯರೂ ಅಂಚಿನಲ್ಲಿ ಕಾಲು ತೊಯ್ಸಿಕೊಂಡು ನಿಲ್ಲಬಹುದು. ಫೆಬ್ರವರಿ ಮುಗಿಯುವ ಹೊತ್ತಿಗೆ ಪೂರ್ವದ ಒಣಗಾಳಿ ಬಲವಾಗಿ, ಕಡಲಗಾಳಿ ತಡವಾಗಿ ಬರುವ ದಿನಗಳಲ್ಲಿ ಮಧ್ಯಾಹ್ನದ ಕಾವು ಏರತೊಡಗುತ್ತದೆ.

ಈ ಅವಧಿಯಲ್ಲಿಯೂ ಡಿಸೆಂಬರಿನ ಕೊನೆಯ ವಾರ ಮತ್ತು ಹೊಸ ವರ್ಷದ ಮೊದಲ ದಿನಗಳನ್ನು ಬಿಡುವುದು ಜಾಣತನ. ಗೋವೆ ಹತ್ತಿರವಿರುವುದರಿಂದ ಜನಸಂದಣಿ ಹೆಚ್ಚು, ವಸತಿಗೃಹಗಳ ಬಾಡಿಗೆಯೂ ಏರಿರುತ್ತದೆ. ಶಾಲೆಗಳ ಪ್ರವಾಸದ ಬಸ್ಸುಗಳು ಸಾಲುಗಟ್ಟುವುದೂ ಆಗಲೇ. ಮಹಾಶಿವರಾತ್ರಿಯ ಸುಮಾರಿಗೆ ಗೋಕರ್ಣದ ಜಾತ್ರೆಗೆ ಸಾವಿರಾರು ಭಕ್ತರು ಬರುವುದರಿಂದ ಆ ಭಾಗದಲ್ಲಿ ವಸತಿ ಸಿಕ್ಕುವುದು ದುರ್ಲಭ. ನವೆಂಬರ್ ನಡುವಿನಿಂದ ಡಿಸೆಂಬರ್ ಎರಡನೆಯ ವಾರ, ಇಲ್ಲವೆ ಸಂಕ್ರಾಂತಿಯ ಸುತ್ತಿನ ದಿನಗಳು ಎಲ್ಲ ದೃಷ್ಟಿಯಿಂದಲೂ ಅನುಕೂಲ. ಸಂಕ್ರಾಂತಿಯ ರಜೆಗೆ ಭಾನುವಾರ ಕೂಡಿಬಂದರೆ ಮಕ್ಕಳ ಪಾಠವೂ ಹೆಚ್ಚು ಕೆಡುವುದಿಲ್ಲ.

ಇಂಥ ಕಾಲದಲ್ಲಿ ನೋಡಲು ಅಲ್ಲಿ ಬೇಕಾದಷ್ಟಿದೆ. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ಬೆಳುದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋದುದನ್ನು ಅವರು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಇಂದು ಆ ಕಡಲತೀರಕ್ಕೆ ಅವರದೇ ಹೆಸರು. ದಡದ ಮೇಲೆ ನಿಂತ ‘ಚಪಲ್’ ಯುದ್ಧನೌಕೆ, ನದಿಯಾಚೆಯ ಸದಾಶಿವಗಡ, ಗಾಳಿಮರಗಳ ನೆರಳಿನ ದೇವಬಾಗ ಇವೆಲ್ಲ ಮಕ್ಕಳಿಗೆ ಪ್ರಿಯವಾಗುವ ತಾಣಗಳು.

ಒಳ್ಳೆಯ ಕಾಲವೆಂದು ಮೈಮರೆಯಬಾರದು

ಋತು ಸೌಮ್ಯವಾದ ಮಾತ್ರಕ್ಕೆ ಕಡಲೂ ಸೌಮ್ಯವೆಂದು ತಿಳಿಯಬಾರದು. 2019ರ ಜನವರಿ 21ರಂದು, ಪುಷ್ಯ ಹುಣ್ಣಿಮೆಯ ದಿನ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಹಾವೇರಿ ಜಿಲ್ಲೆಯವರು, ನಮ್ಮಂತೆಯೇ ಬಯಲುಸೀಮೆಯಿಂದ ಹೋದವರು. ದೋಣಿಯಲ್ಲಿ ಮಿತಿಮೀರಿ ಜನ ಹತ್ತಿದ್ದರೆಂದೂ ಪ್ರಾಣರಕ್ಷಕ ಅಂಗಿಗಳಿರಲಿಲ್ಲವೆಂದೂ ಅಂದಿನ ವರದಿಗಳು ತಿಳಿಸಿದವು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಅಸುನೀಗಿದರು. ಎರಡೂ ದುರಂತಗಳು ನಡೆದದ್ದು ಪ್ರವಾಸಕ್ಕೆ ಅತ್ಯುತ್ತಮವೆಂದು ನಾವು ಹೇಳುತ್ತಿರುವ ಕಾಲದಲ್ಲಿಯೇ.

ಆದಕಾರಣ ಕೆಲವು ಕಟ್ಟಳೆಗಳನ್ನು ಮನೆಯಲ್ಲಿಯೇ ಹಾಕಿಕೊಂಡು ಹೊರಡಬೇಕು. ಮೊಣಕಾಲು ಮೀರಿ ನೀರಿಗಿಳಿಯಬಾರದು. ಮಕ್ಕಳ ಕೈ ಹಿಡಿದ ಹಿರಿಯರೊಬ್ಬರು ಸದಾ ಜೊತೆಗಿರಬೇಕು. ಕೆಂಪು ಬಾವುಟ ಕಂಡಲ್ಲಿ ನೀರಿನ ಹತ್ತಿರವೂ ಸುಳಿಯಬಾರದು. ದೋಣಿಯಲ್ಲಿ ಪ್ರಾಣರಕ್ಷಕ ಅಂಗಿ ಕೊಡದಿದ್ದರೆ, ಜನ ಹೆಚ್ಚಾಗಿದ್ದರೆ, ಕೊಟ್ಟ ಹಣ ಹೋದರೂ ಸರಿಯೆಂದು ಇಳಿದುಬಿಡಬೇಕು. ಕತ್ತಲಾದ ಮೇಲೆ ಅಲೆಗಳೊಡನೆ ಆಟ ಬೇಡ.

ಹೊರಡುವ ಮುನ್ನ ಹಿರಿಯರನ್ನು ಮನೆವೈದ್ಯರಿಗೆ ತೋರಿಸಿ, ರಕ್ತದೊತ್ತಡದ ಗುಳಿಗೆಯ ಪ್ರಮಾಣದ ಬಗ್ಗೆ ಕೇಳಿಕೊಳ್ಳಿರಿ. ಸಸ್ಯಾಹಾರದ ಖಾನಾವಳಿ ಹತ್ತಿರವಿರುವ ವಸತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿರಿ. ಬುತ್ತಿಯ ಮಾತೊಂದಿದೆ: ಕಡಲಗಾಳಿಗೆ ಖಡಕ್ ರೊಟ್ಟಿ ಮೆತ್ತಗಾಗಿಬಿಡುತ್ತದೆ. ಮೇ ತಿಂಗಳಲ್ಲಿ ನಾವು ಒಯ್ದ ರೊಟ್ಟಿ ಮರುದಿನವೇ ಬಾಗತೊಡಗಿತ್ತು. ಜನವರಿಯಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟದ್ದು ಮೂರು ದಿನವೂ ಮುರಿದರೆ ಸದ್ದು ಮಾಡುವಂತಿತ್ತು.

ಮತ್ತೊಮ್ಮೆ ಕಾರವಾರ

ಹೌದು, ನಾವು ಮತ್ತೆ ಹೋದೆವು. ಮೇ ತಿಂಗಳ ಆ ಪ್ರವಾಸದ ಬಳಿಕ ಮಕ್ಕಳು, ಮುಂದಿನ ಬೇಸಗೆಯ ಸೂಟಿಗೆ ಹೋಗೋಣವೆಂದರು. ನಾವು ಒಪ್ಪಲಿಲ್ಲ. ಎರಡು ದಿನದ ಶಾಲೆ ತಪ್ಪಿದರೂ ಚಿಂತೆಯಿಲ್ಲವೆಂದು ನಿರ್ಧರಿಸಿ, ಸಂಕ್ರಾಂತಿಯ ಮರುದಿನ ತಾಯಿಯವರನ್ನು ಕರೆದುಕೊಂಡು ಹೊರಟೆವು. ಸಂಜೆ ಐದಕ್ಕೆ ಮರಳಿನ ಮೇಲೆ ಜಮಖಾನೆ ಹಾಸಿ ಕುಳ್ಳಿರಿಸಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಸೂರ್ಯ ಕೆಂಪಗಾಗಿ ನೀರಿಗಿಳಿಯುವ ಹೊತ್ತಿಗೆ, “ಇಷ್ಟು ನೀರು ಐತಿ, ಒಂದು ಹೊಲಕ್ಕೂ ಹರಿಯಂಗಿಲ್ಲಲ್ಲಪಾ” ಎಂದರು. ಜೀವಮಾನವೆಲ್ಲ ಮಳೆಯ ದಾರಿ ಕಾಯ್ದ ಒಕ್ಕಲಗಿತ್ತಿಗೆ ಕಡಲು ಕಂಡದ್ದು ಹಾಗೆ. ಬಳಿಕ ತಾವಾಗಿಯೇ ಎದ್ದು, ಮೊಮ್ಮಗಳ ಭುಜ ಹಿಡಿದು, ಅಲೆಯ ಅಂಚಿಗೆ ಹೋಗಿ ಪಾದ ತೊಯ್ಸಿಕೊಂಡು ಬಂದರು.

ಅದೇ ವರ್ಷದ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು. ಮುಂದಿನ ಬೇಸಗೆಯೆಂದು ಮುಂದೂಡಿದ್ದರೆ ಮತ್ತೊಮ್ಮೆ ಕೋಣೆಯಲ್ಲಿಯೇ ಮಲಗಿರಬೇಕಾಗುತ್ತಿತ್ತೇನೋ. ಅದರಾಚೆಗೆ ಮುಂದೂಡಲು ಕಾಲವೇ ಉಳಿದಿರಲಿಲ್ಲ.

ಮನೆಯಲ್ಲಿ ಹಿರಿಯರಿದ್ದವರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಪ್ರವಾಸದ ದಿನವನ್ನು ಶಾಲೆಯ ಸೂಟಿಯ ಪಟ್ಟಿ ನೋಡಿ ಗೊತ್ತುಪಡಿಸುವ ಮೊದಲು, ನಮ್ಮೊಡನೆ ಬರುವವರಲ್ಲಿ ಎಲ್ಲರಿಗಿಂತ ಅಶಕ್ತರಾದವರ ದೇಹಕ್ಕೆ ಯಾವ ಕಾಲ ಒಗ್ಗುತ್ತದೆಂದು ಯೋಚಿಸಬೇಕು. ಅವರಿಗೆ ಹಿತವಾದ ಕಾಲ ಉಳಿದವರಿಗೂ ಹಿತವಾಗಿಯೇ ಇರುತ್ತದೆ. ಈ ಸಲದ ದೀಪಾವಳಿ ಮುಗಿದ ಕೂಡಲೇ, ಬಾಯಿಬಿಟ್ಟು ಕೇಳದ ನಿಮ್ಮ ಮನೆಯ ಹಿರಿಯರನ್ನು ನೀವೇ ಕೇಳಿ ಹೊರಡಿಸಿರಿ.