ಜೋಕ್ ಬರೆಯೋರು ಮುಷ್ಕರದಲ್ಲಿ, ಶೋ ಮಾತ್ರ ನಡೀಬೇಕು!

ಕಾಲೇಜ್ ಡೇ ನಿರೂಪಣೆಗೆ ಸ್ಕ್ರಿಪ್ಟ್ ಬರೆದವನು ನಾನು. ಚಪ್ಪಾಳೆ ಗಿಟ್ಟಿಸಿದ್ದು ಮೈಕ್ ಹಿಡಿದ ಗೆಳೆಯ. ವಂದನಾರ್ಪಣೆಯಲ್ಲಿ ಶಾಮಿಯಾನದವರಿಗೂ ಥ್ಯಾಂಕ್ಸ್ ಬಂತು, ನನ್ನ ಹೆಸರು ಮಾತ್ರ ಬರಲಿಲ್ಲ. ಅದೇ ಬೇಜಾರಿನಲ್ಲಿ ರಾತ್ರಿ ಮೊಬೈಲ್ ನೋಡುತ್ತಾ ಮಲಗಿದ್ದಾಗ ಅಮೆರಿಕದ ಹಳೆಯ ವಿಡಿಯೊ ಒಂದು ಸಿಕ್ಕಿತು. ಕೋಟು ತೊಟ್ಟು ಗಡ್ಡ ಬಿಟ್ಟ ನಿರೂಪಕನೊಬ್ಬ ತನ್ನ ಮದುವೆ ಉಂಗುರ ಬಿಚ್ಚಿ ಮೇಜಿನ ಮೇಲೆ ಬುಗುರಿಯಂತೆ ತಿರುಗಿಸುತ್ತಾನೆ. ಅದು ಎಷ್ಟು ಹೊತ್ತು ತಿರುಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅಷ್ಟೇ ಕಾರ್ಯಕ್ರಮ!

ಆತ ಕೋನನ್ ಓಬ್ರಿಯನ್. ತಲೆ ಕೆಟ್ಟಿರಲಿಲ್ಲ, ಬರೆದುಕೊಡುವವರು ಇರಲಿಲ್ಲ ಅಷ್ಟೆ. 2007ರ ನವೆಂಬರ್ 5ರಂದು ಅಲ್ಲಿನ ಸಿನಿಮಾ, ಟಿ.ವಿ. ಬರಹಗಾರರ ಸಂಘ ರೈಟರ್ಸ್ ಗಿಲ್ಡ್ ಮುಷ್ಕರ ಹೂಡಿತ್ತು. ನಾವು ಬರೆದದ್ದು ಇಂಟರ್‌ನೆಟ್‌ನಲ್ಲಿ ಓಡಿದರೆ ನಮಗೂ ಪಾಲು ಕೊಡಿ ಅನ್ನೋದು ಮುಖ್ಯ ಬೇಡಿಕೆ. ಧಾರಾವಾಹಿಗಳ ಹತ್ತಿರ ಮೊದಲೇ ಚಿತ್ರೀಕರಿಸಿಟ್ಟ ಕಂತುಗಳಿದ್ದವು. ಲೇಟ್ ನೈಟ್ ಟಾಕ್ ಶೋ ಹಾಗಲ್ಲ. ಇವತ್ತಿನ ಸುದ್ದಿಯ ಮೇಲೆ ಇವತ್ತೇ ಜೋಕ್ ಆಗಬೇಕು, ಥೇಟ್ ಕಾವಲಿಯಿಂದ ತಟ್ಟೆಗೆ ಬೀಳುವ ದೋಸೆ. ಹಾಗಾಗಿ ಮೊದಲು ನಿಂತದ್ದೇ ಅವು. ಹಳೆಯ ಕಂತುಗಳ ಮರುಪ್ರಸಾರ ಶುರುವಾಯಿತು.

ಆದರೆ ಶೋ ನಿಂತರೆ ಕ್ಯಾಮೆರಾ, ಲೈಟು, ಮೇಕಪ್‌ನವರ ಗತಿ? ಕೋನನ್ ಕೆಲವು ವಾರ ಸಿಬ್ಬಂದಿಗೆ ತನ್ನ ಜೇಬಿನಿಂದಲೇ ಸಂಬಳ ಕೊಟ್ಟ. ಕಡೆಗೆ 2008ರ ಜನವರಿ 2ರಂದು ಪರದೆಗೆ ಮರಳಿದ, ಬರಹಗಾರರಿಲ್ಲದೆ. ಜೇ ಲೆನೊ, ಜಿಮ್ಮಿ ಕಿಮ್ಮೆಲ್ ಕೂಡ ಅದೇ ದಿನ ಬಂದರು. ಲೆನೊ ತನ್ನ ಜೋಕ್ ತಾನೇ ಬರೆದುಕೊಂಡ. ನೀನೂ ನಮ್ಮ ಸದಸ್ಯ, ನಿನಗಾಗಿ ಬರೆದರೂ ಅದು ಬರವಣಿಗೆಯೇ ಅಂತ ಸಂಘ ಆಕ್ಷೇಪಿಸಿತು. ಡೇವಿಡ್ ಲೆಟರ್‌ಮನ್ ಮಾತ್ರ ಬಚಾವ್. ಶೋ ಅವನ ಸ್ವಂತ ಕಂಪನಿಯದು, ಸಂಘದ ಜತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಬರಹಗಾರರ ಸಮೇತ ಬಂದ.

ಅತಿಥಿಗಳದ್ದು ಇನ್ನೊಂದು ಪೇಚು. ಬಾಗಿಲಲ್ಲಿ ಧರಣಿ ಕೂತವರನ್ನು ದಾಟಿ ಒಳಗೆ ಬರಲು ಅನೇಕ ನಟರು ಒಪ್ಪಲಿಲ್ಲ. ಆಗ ಲೆನೊ, ಕಿಮ್ಮೆಲ್ ಮಾಡಿದ್ದೇನು ಗೊತ್ತಾ? ಒಂದೇ ದಿನ ಅವನ ಶೋಗೆ ಇವನು ಅತಿಥಿ, ಇವನ ಶೋಗೆ ಅವನು! ಕೋನನ್, ಜಾನ್ ಸ್ಟೀವರ್ಟ್, ಸ್ಟೀಫನ್ ಕೋಲ್ಬೇರ್ ಮೂವರೂ ಸೇರಿ ಹುಸಿ ಜಗಳ ತೆಗೆದು, ಒಬ್ಬರ ಶೋಗೆ ಇನ್ನೊಬ್ಬರು ನುಗ್ಗಿ ಹೊಡೆದಾಡಿದರು. ಒಂದಿಷ್ಟು ನಿಮಿಷ ಕಳೆಯಿತಲ್ಲ!

ನನಗೆ ಹಿಡಿಸಿದ್ದು ಮಾತ್ರ ಆ ಉಂಗುರವೇ. ಕೋನನ್‌ಗೆ ಬರೆಯಲು ಬರುತ್ತಿರಲಿಲ್ಲವೇ? ನಿರೂಪಕನಾಗುವ ಮೊದಲು ‘ಸಿಂಪ್ಸನ್ಸ್’ಗೆ ಬರೆದವನು. 1988ರ ಮುಷ್ಕರದಲ್ಲಿ ಸ್ವತಃ ಕೆಲಸ ಬಿಟ್ಟು ಹೊರಗಿದ್ದವನು. ಪೆನ್ನು ಹಿಡಿಯದೆ ಕೂತು, ತನ್ನ ಶೋ ಎಷ್ಟು ಖಾಲಿ ಅಂತ ದಿನಾ ರಾತ್ರಿ ತಾನೇ ತೋರಿಸಿದ.

ಆ ಮುಷ್ಕರ 100 ದಿನ ನಡೆದು, ಇಂಟರ್‌ನೆಟ್ ಪಾಲು ಸಿಕ್ಕ ಮೇಲೆ ಮುಗಿಯಿತು. 2023ರಲ್ಲಿ ಮತ್ತೆ 148 ದಿನ. ಈ ಸಲ ಎಐ ಭಯವೂ ಸೇರಿತ್ತು. ಐವರು ನಿರೂಪಕರು ಶೋ ಮಾಡುವ ಬದಲು ಪಾಡ್‌ಕಾಸ್ಟ್ ಮಾಡಿ, ಬಂದ ಹಣವನ್ನು ಕೆಲಸವಿಲ್ಲದೆ ಕೂತ ತಮ್ಮ ಸಿಬ್ಬಂದಿಗೆ ಕೊಟ್ಟರು.

ಮೊನ್ನೆ ಗೆಳೆಯ ಬಂದು, ‘ಫ್ರೆಷರ್ಸ್ ಡೇಗೂ ನೀನೇ ಬರ್ಕೊಡೋ’ ಅಂದ. ಮುಷ್ಕರ ಹೂಡಲು ಮನಸ್ಸಾಗಲಿಲ್ಲ, ಒಪ್ಪಿಕೊಂಡೆ. ಆದರೆ ಈ ಸಲ ವಂದನಾರ್ಪಣೆಯನ್ನೂ ನಾನೇ ಬರೆಯುತ್ತಿದ್ದೇನೆ.